ಸೆಕೆಂಡನ್ನು ಸಾವಿರ ಹೋಳು ಮಾಡಿದವನು

ಓರನ್ ಟಿಪ್ಟನ್ ನಡೆಯುವುದನ್ನು ಮೊದಲ ಸಲ ನೋಡಿದವರಿಗೆ, ನೆಲದ ಮೇಲೆ ತಮಗೆ ಕಾಣದ್ದೇನೋ ಅವನಿಗೆ ಕಾಣುತ್ತಿದೆಯೆಂಬ ಅನುಮಾನ ಬರುತ್ತದೆ. ನಮ್ಮೂರು ಹಾರ್ಲನ್ ಫೋರ್ಡಿನ ಕಲ್ಲು ಕ್ವಾರಿಯಲ್ಲಿ ಮೂವತ್ತು ವರ್ಷ ಸಿಡಿಮದ್ದಿನ ತಂತಿಗಳನ್ನು ದಾಟಿ ದಾಟಿ ಅಭ್ಯಾಸವಾದ ಅವನ ಕಾಲುಗಳು, ಅಂಗಡಿಯ ನುಣುಪು ನೆಲದ ಮೇಲೂ ಚರ್ಚಿನ ಬೆಂಚುಗಳ ನಡುವೆಯೂ ಕೊಕ್ಕರೆಯ ಕಾಲಿನಂತೆ ಎತ್ತೆತ್ತಿ ಬೀಳುತ್ತವೆ. ಮಿಸೌರಿಯ ಸುಡುಬೇಸಿಗೆಯಲ್ಲೂ ಮೈಮೇಲಿಂದ ಇಳಿಯದ ಕಂದು ಕ್ಯಾನ್ವಾಸ್ ಕೋಟು; ಅದರ ಜೇಬಿನಲ್ಲಿ ಹಳದಿ ತಂತಿಯ ತುಂಡುಗಳ ಜೊತೆ ಅಂಟಿಕೊಂಡ ಪೆಪ್ಪರಮೆಂಟು. ಯಾರಾದರೂ ಎದುರು ಸಿಕ್ಕರೆ ಅದನ್ನೇ ಬಿಡಿಸಿ, ತಂತಿಯ ಚೂರು ಊದಿ, ಬಹಳ ಮರ್ಯಾದೆಯಿಂದ ಕೊಡುತ್ತಾನೆ.

ಕ್ವಾರಿಯಲ್ಲಿ ಬಂಡೆಗೆ ಸಾಲಾಗಿ ಕುಳಿ ಕೊರೆದು ಮದ್ದು ತುಂಬುತ್ತಾರೆ. ಎಲ್ಲವೂ ಒಟ್ಟಿಗೆ ಸಿಡಿದರೆ ಊರಿನ ಕಿಟಕಿಗಾಜು ಉಳಿಯುವುದಿಲ್ಲ. ಅದಕ್ಕಾಗಿ ಒಂದು ಕುಳಿಗೂ ಮುಂದಿನದಕ್ಕೂ ನಡುವೆ ಇಪ್ಪತ್ತೈದು ಮಿಲಿಸೆಕೆಂಡಿನಷ್ಟು, ಅಂದರೆ ಸೆಕೆಂಡನ್ನು ಸಾವಿರ ಹೋಳು ಮಾಡಿ ಅದರಲ್ಲಿ ಇಪ್ಪತ್ತೈದು ಹೋಳಿನಷ್ಟು ಬಿಡುವು ಇಡಬೇಕು. ಹಾಗೆ ಬಿಡುವಿಡುವುದು ಓರನ್ನನ ಕೆಲಸ. ನಮ್ಮ ಕಿವಿಗೆ ಒಂದೇ ಒಂದು ಗುಡುಗು ಬಿದ್ದು ಮುಗಿಯುವಲ್ಲಿ ಅವನಿಗೆ ಇಡೀ ಮೆರವಣಿಗೆ ಕೇಳಿಸುತ್ತದೆ. ಧೂಳು ಇಳಿಯುವ ಮೊದಲೇ, "ಹದಿಮೂರನೇದು ಇವತ್ತು ಚೂರು ಸೋಮಾರಿ," ಎಂದು ಗೊಣಗುತ್ತಾನೆ.

ಅವನಿಗೆ ಕಾಲವೆಲ್ಲ ಆ ಹೋಳುಗಳಲ್ಲೇ. ಕೆಫೆಯ ಹುಡುಗಿ ಮೊಟ್ಟೆ ಎಷ್ಟು ಹೊತ್ತು ಬೇಯಬೇಕೆಂದು ಕೇಳಿದಾಗ, "ನಾಲ್ಕು ಲಕ್ಷದ ಇಪ್ಪತ್ತು ಸಾವಿರ," ಎಂದುಬಿಟ್ಟ.

"ಮೊಟ್ಟೆಗಾ, ಮನೆಗಾ?" ಎಂದಳು ಅವಳು.

"ಏಳು ನಿಮಿಷ ಅಂತ ಅಷ್ಟೇ ಕಣಮ್ಮ. ನಿಮಿಷ ಅಂದ್ರೆ ಅರವತ್ತು ಸಾವಿರದ ಮೂಟೆ. ಮೂಟೆ ಬಿಚ್ಚಿ ನೋಡ್ದೆ ಆಲೂಗಡ್ಡೆ ತಗೋತೀಯಾ ನೀನು?"

ಆದರೆ ಮೂಟೆ ದೊಡ್ಡದಾದಷ್ಟೂ ಓರನ್ನನ ಹಿಡಿತ ಸಡಿಲ. ನಿಮಿಷ ಪರವಾಗಿಲ್ಲ, ಗಂಟೆ ಜಾರುತ್ತದೆ, ವಾರದಲ್ಲಿ ಅವನಿಗೆ ಗಟ್ಟಿಯಾಗಿ ಗೊತ್ತಿರುವುದು ಭಾನುವಾರ ಒಂದೇ. ತಿಂಗಳು, ವರ್ಷಗಳೆಲ್ಲ ಅವನ ಬಾಯಲ್ಲಿ "ಮೊನ್ನೆ". ತಂಗಿಯ ಮಗುವಿನ ದೀಕ್ಷಾಸ್ನಾನಕ್ಕೆಂದು ಬೆಳ್ಳಿಯ ಗಿಲಕಿ ಹಿಡಿದು ಅವನು ಹೋದಾಗ ಮಗುವೇ ನಡೆದುಬಂದು ಬಾಗಿಲು ತೆಗೆಯಿತು.

ಲೂಯೆಲ್ಲಾ ಬ್ರಾಂಟ್ ಶಾಲೆಯ ಹಳದಿ ಬಸ್ಸು ಓಡಿಸುವವಳು. ಅವಳ ಬಸ್ಸು ತಿರುವಿನಲ್ಲಿ ಕಂಡಾಗ ಮನೆಮನೆಯ ತಾಯಂದಿರು ಗಡಿಯಾರ ಸರಿಮಾಡಿಕೊಳ್ಳುತ್ತಾರೆ. ಅವರಿಬ್ಬರ ಪರಿಚಯವಾದದ್ದೇ ಜಗಳದಲ್ಲಿ. ಮದ್ದು ಸಿಡಿಸುವ ಮೊದಲು ರಸ್ತೆ ಮುಚ್ಚುವುದು ಕ್ವಾರಿಯ ಪದ್ಧತಿ. ಒಂದು ದಿನ ಅವಳ ಬಸ್ಸಿನ ತುಂಬ ಮಕ್ಕಳಿರುವಾಗಲೇ ರಸ್ತೆ ಮುಚ್ಚಿದರು. ಎಷ್ಟು ಹೊತ್ತು ಎಂದು ಕೇಳಿದ ಅವಳಿಗೆ ಓರನ್, "ಅರ್ಧ ಸೆಕೆಂಡೂ ಇಲ್ಲ, ಮೇಡಂ," ಎಂದು ಭರವಸೆ ಕೊಟ್ಟು, ತಂತಿ ಪರೀಕ್ಷಿಸಲು ಹೋದವನು ಮುಕ್ಕಾಲು ಗಂಟೆ ಬರಲಿಲ್ಲ. ಸಿಡಿದದ್ದು ಮಾತ್ರ ಅವನು ಹೇಳಿದಷ್ಟೇ ಹೊತ್ತು. ತನ್ನದೇನು ತಪ್ಪೆಂದು ಅವನಿಗೆ ಇಂದಿಗೂ ತಿಳಿದಿಲ್ಲ.

ಅದಾದ ಮೇಲೆ ಒಂಬತ್ತು ವರ್ಷ ಪ್ರತಿ ಭಾನುವಾರ ಅವಳ ಮನೆಯಲ್ಲೇ ಅವನ ಊಟ. ಮದುವೆಯ ಮಾತು ಮಾತ್ರ ಅವನ ಬಾಯಿಂದ ಬರಲಿಲ್ಲ. ಅವಳೇ ಸೂಚನೆ ಕೊಟ್ಟರೆ, "ಕೇಳ್ತೀನಿ, ಚೂರು ತಡಿ," ಎನ್ನುತ್ತಿದ್ದ. ಈ ವಸಂತದಲ್ಲಿ ಅವಳ ಅಕ್ಕ ನೆಬ್ರಾಸ್ಕದಿಂದ ಕರೆದಳು. ಅಲ್ಲಿಯೂ ಶಾಲೆಯ ಬಸ್ಸಿದೆ, ಮನೆಯಲ್ಲಿ ಖಾಲಿ ಕೋಣೆಯಿದೆ. ಲೂಯೆಲ್ಲಾ ಹೊರಡುವ ದಿನವನ್ನೂ ಗೊತ್ತುಮಾಡಿದಳು: ಜುಲೈ ನಾಲ್ಕರ ಸ್ವಾತಂತ್ರ್ಯದ ಹಬ್ಬ ಮುಗಿದ ಮೇಲಿನ ಸೋಮವಾರ.

ಓರನ್ ಬೆವರಿದ. ಹಬ್ಬದ ಬಾಣಬಿರುಸು ಹಾರಿಸುವ ಹೊಣೆ ಊರಿನವರು ಎಂದಿನಂತೆ ಅವನಿಗೇ ಒಪ್ಪಿಸಿದ್ದರು. "ಹಬ್ಬದ ದಿನ ಕೊನೇ ಬಾಣ ಹಾರಿದ ತಕ್ಷಣ ಕೇಳ್ತೀನಿ," ಎಂದ. ಧೈರ್ಯ ಕೂಡಿಸಿಕೊಳ್ಳಲು ಬಾಣಗಳು ಹಾರುವ ಇಪ್ಪತ್ತು ನಿಮಿಷವಾದರೂ ಸಿಗುತ್ತದೆಂಬುದು ಅವನ ಲೆಕ್ಕ.

"ಕೊನೇ ಬಾಣ," ಎಂದಳು ಲೂಯೆಲ್ಲಾ. "ಅದಾದ್ಮೇಲೆ 'ಚೂರು' ಇಲ್ಲ."

ಈ ವರ್ಷ ಬಾಣ ಹಾರಿಸಲು ಕ್ವಾರಿಯ ಹಳೆಯ ಪೆಟ್ಟಿಗೆ ಬೇಡವೆಂದು ಹೊಸದನ್ನು ಬಾಡಿಗೆಗೆ ತರಿಸಿದ್ದರು. ಗುಂಡಿ ಒತ್ತಿದರೆ ಮೊದಲ ಬಾಣ, ಆಮೇಲೆ ಆರುನೂರು ಬಾಣ, ಎರಡೆರಡು ಸೆಕೆಂಡಿಗೊಂದು. ಓರನ್ ಒಂದೊಂದರ ಮುಂದೆಯೂ ಎರಡು ಸಾವಿರ ಎಂದು ತುಂಬಿದ. ಪೆಟ್ಟಿಗೆ ಒಟ್ಟು ಮೊತ್ತ ತೋರಿಸಿತು: ಹನ್ನೆರಡು ಲಕ್ಷ. ಸರಿಯಾಗಿ ಇಪ್ಪತ್ತು ನಿಮಿಷ! ಮೂರು ಸಲ ಪರೀಕ್ಷಿಸಿ, ಮೂರು ಸಲವೂ ತಲೆದೂಗಿದ.

ಕತ್ತಲಾಗುತ್ತಿದ್ದಂತೆ ಊರೆಲ್ಲ ಮಡಚುಕುರ್ಚಿಗಳನ್ನು ಹೊತ್ತು, ಬೇಯಿಸಿದ ಜೋಳದ ತೆನೆ, ಆಲೂಗಡ್ಡೆ ಸಲಾಡುಗಳೊಂದಿಗೆ ಮೈದಾನದಲ್ಲಿ ಸೇರಿತು. ಲೂಯೆಲ್ಲಾ ಹಗ್ಗದ ಬೇಲಿಯ ಪಕ್ಕದಲ್ಲೇ ಕುರ್ಚಿ ಹಾಕಿದ್ದಳು. ಓರನ್ ಗುಂಡಿ ಒತ್ತಿದ. ಕೆಂಪು ಬಾಣವೊಂದು ಏರಿ, ಹೂವಾಗಿ ಅರಳಿ, ಉದುರಿತು. ಊರು ಚಪ್ಪಾಳೆ ತಟ್ಟಿತು. ಆಮೇಲೆ ಏನೂ ಆಗಲಿಲ್ಲ. ಕಪ್ಪೆಗಳು ಕೂಗಿದವು. ಯಾರೋ ಜೋಳ ಕಡಿಯುವುದೂ ಕೇಳಿಸಿತು.

"ಮುಗೀತಾ?" ಎಂದ ಅಗ್ನಿಶಾಮಕ ದಳದ ಮುಖ್ಯಸ್ಥ ಮರ್ಲ್. "ನಮ್ಮ ಚಂದಾ ಎಲ್ಲಾ ಇಷ್ಟಕ್ಕೇನಾ?"

ಓರನ್ ಪೆಟ್ಟಿಗೆಯ ಮೇಲೆ ಬಗ್ಗಿ, ಅಂಕಿಯ ಪಕ್ಕದ ಪುಟ್ಟ ಅಕ್ಷರಗಳನ್ನು ಮೊದಲ ಸಲ ಓದಿದ. ಅವನ ಮುಖದ ಬಣ್ಣ ಹೋಯಿತು.

"ಇದು ಸೆಕೆಂಡ್ ಕೇಳ್ತಿತ್ತು ಮರ್ಲ್. ನಾನು ಮಿಲಿಸೆಕೆಂಡ್ ಕೊಟ್ಟಿದೀನಿ."

"ಕನ್ನಡಕ ಹಾಕ್ಕೊಂಡು ಓದೋಕೇನಾಗಿತ್ತು? ಮುಂದಿಂದು ಯಾವಾಗಪ್ಪಾ?"

"ಮೂವತ್ತಮೂರು ನಿಮಿಷಕ್ಕೆ."

"ಕೊನೇದು?"

ಸಾವಿರವನ್ನು ಒಡೆಯುತ್ತ ಕೆಳಗಿಳಿಯುವುದೇ ಅಭ್ಯಾಸವಾಗಿದ್ದವನು ಈಗ ನಿಮಿಷದಿಂದ ಗಂಟೆಗೆ, ಗಂಟೆಯಿಂದ ದಿನಕ್ಕೆ ತುಟಿಯಲ್ಲೇ ಲೆಕ್ಕ ಹಾಕುತ್ತ ಮೇಲಕ್ಕೆ ಹತ್ತಬೇಕಾಯಿತು. "ಹದಿನಾಲ್ಕು ದಿನ," ಎಂದ, ಕಳ್ಳದನಿಯಲ್ಲಿ.

ಮೈದಾನ ಹೊಟ್ಟೆ ಹಿಡಿದುಕೊಂಡು ನಕ್ಕಿತು. "ನಾಳೆ ತಿಂಡಿ ಇಲ್ಲೇ ತರಿಸ್ಲಾ?" ಎಂದಳು ಒಬ್ಬ ಅಜ್ಜಿ. ಮರ್ಲ್ ಕಣ್ಣೊರೆಸಿಕೊಂಡು, "ನಿಲ್ಸಯ್ಯ ಅದನ್ನ, ಉಳಿದಿದ್ದು ಕೈಯಿಂದ ಒತ್ತು," ಎಂದ. ಓರನ್ನನ ಕೈ ಗುಂಡಿಯತ್ತ ಹೋಗುತ್ತಿರುವಾಗಲೇ ಬೇಲಿಯ ಆಚೆಯಿಂದ ದನಿ ಬಂತು.

"ಮುಟ್ಬೇಡ. ಹಾಗೇ ಓಡ್ಲಿ ಅದು." ಲೂಯೆಲ್ಲಾ ನಗುತ್ತಿರಲಿಲ್ಲ. "ನಿನ್ನ ಕೊನೇ ಬಾಣ ಹಾರೋ ಹೊತ್ತಿಗೆ ನಾನು ನೆಬ್ರಾಸ್ಕದಲ್ಲಿರ್ತೀನಿ. ಇನ್ನೂ ಮೇಲಕ್ಕೆ ಹತ್ತು ನೋಡೋಣ. ಒಂಬತ್ತು ವರ್ಷ ನಿನ್ನ ಲೆಕ್ಕದಲ್ಲಿ ಎಷ್ಟಾಗತ್ತೆ?"

ಅವನಿಗೆ ಕೇಳಿದ ಲೆಕ್ಕ ಮಾಡದೆ ಇರಲು ಬರುವುದಿಲ್ಲ. ಕಣ್ಣುಮುಚ್ಚಿದ. "ಇಪ್ಪತ್ತೆಂಟು ಸಾವಿರ ಕೋಟಿ..." ಎಂದವನು ಅಲ್ಲೇ ನಿಂತ. ಚಿಲ್ಲರೆ ಹೇಳದೆ ಅವನು ಲೆಕ್ಕ ಬಿಟ್ಟದ್ದನ್ನು ನಾವು ಕಂಡದ್ದು ಅದೇ ಮೊದಲು. ಕಣ್ಣುತೆರೆದು, ಬಾಯಿಗೆ ಕೈ ಅಡ್ಡಹಿಡಿದ. "ಅಷ್ಟೊಂದಾ ಲೂಯೆಲ್ಲಾ? ಅಷ್ಟೊಂದು ಹೊತ್ತು ಕೂತಿದ್ಯಾ ನೀನು?"

"ಕೂತಿದ್ದೆ. ಅಡುಗೆ ಬೇರೆ ಮಾಡ್ತಿದ್ದೆ."

ಪೆಟ್ಟಿಗೆಯನ್ನು ಬಿಟ್ಟು ಅವನು ಹಗ್ಗ ದಾಟಿ ಬಂದ. ಊರೆಲ್ಲ ನೋಡುತ್ತಿರುವಾಗ ಕೋಟು ಬಿಚ್ಚಿ ಹುಲ್ಲಿನ ಮೇಲೆ ಹಾಸಿ, ಅದರ ಮೇಲೆ ಮಂಡಿಯೂರಿದ. "ಸೋಮವಾರ ಹೋಗ್ಬೇಡ. ನನ್ನ ಮದ್ವೆ ಆಗು. ತಡ ಆಯ್ತು ಅಂತ ಗೊತ್ತು. ಎಷ್ಟು ತಡ ಅಂತ ಈಗಷ್ಟೇ ಗೊತ್ತಾಯ್ತು."

ಲೂಯೆಲ್ಲಾ ಅವನನ್ನು ನೋಡಿದಳು, ಆಕಾಶವನ್ನು ನೋಡಿದಳು, ಜೋಳದ ತೆನೆಯೊಂದನ್ನು ಕೈಗೆತ್ತಿಕೊಂಡಳು. "ಕೂತ್ಕೋ," ಎಂದಳು. "ಕಾಯೋದು ಹೇಗಿರತ್ತೆ ಅಂತ ನೀನೂ ಸ್ವಲ್ಪ ನೋಡು."

ಅವನು ಕೂತ. ಅರ್ಧ ಗಂಟೆ ಇಡೀ ಊರು ಉಸಿರು ಹಿಡಿದು ಅವಳು ಜೋಳ ತಿನ್ನುವುದನ್ನು ನೋಡಿತು. ಯಾವ ವರ್ಷದ ಬಾಣಬಿರುಸನ್ನೂ ನಾವು ಅಷ್ಟು ಆಸಕ್ತಿಯಿಂದ ನೋಡಿರಲಿಲ್ಲ. ಎರಡನೆಯ ಬಾಣ, ಹಸಿರು, ತಲೆಯ ಮೇಲೆ ಅರಳಿದಾಗ ಅವಳು ಕೈ ಒರೆಸಿಕೊಂಡು, "ಹೂಂ, ಆಗ್ತೀನಿ," ಎಂದಳು. ಓರನ್ ಅತ್ತುಬಿಟ್ಟ.

ಇಂಥವರು ಎಲ್ಲ ಊರಿನಲ್ಲೂ ಇರುತ್ತಾರೆ, ಅವರನ್ನು ನಾವು ಮರೆಗುಳಿಗಳೆಂದು ಬಯ್ಯುತ್ತೇವೆ. ಅವರು ಮರೆತಿರುವುದಿಲ್ಲ. ಸಣ್ಣದು ಅಂಗೈಯಲ್ಲಿ ಹಿಡಿಸುತ್ತದೆ, ಇವತ್ತು ಕೆಟ್ಟರೆ ನಾಳೆ ಇನ್ನೊಂದು ಸಿಗುತ್ತದೆ, ಆದ್ದರಿಂದ ಅದರ ಮೇಲೆ ಅವರಿಗೆ ಜೀವ. ಬದುಕಿನಲ್ಲಿ ಒಂದೇ ಒಂದು ಸಲ ಬರುವ ದೊಡ್ಡದನ್ನು ಮುಟ್ಟಿ ಕೆಡಿಸಿಬಿಟ್ಟರೆ ಎಂಬ ಭಯಕ್ಕೆ, ಅದು ಪಕ್ಕದಲ್ಲೇ ಕೂತು ಬಡಿಸುತ್ತಿದ್ದರೂ ತಲೆಯೆತ್ತಿ ನೋಡುವುದಿಲ್ಲ. ಅವರಿಗೆ ಬೇಕಾದದ್ದು ಗಡಿಯಾರವಲ್ಲ. ಎಷ್ಟು ಹೊತ್ತಾಯಿತೆಂದು, ತಾವು ಎದ್ದು ಹೋಗುವ ಮೊದಲು ಒಂದು ಸಲ, ಪ್ರೀತಿಯಿಂದ ಗದರಿಸಿ ಹೇಳುವವರು.