ಹೊಗೆಯೊಳಗಿನ ಮೂರು ದಿನ

ಕಾಂತರಾಜು ಹೊಸಕೋಟೆ ಕಡೆಯ ಒಂದು ಅಗ್ನಿಶಾಮಕ ಠಾಣೆಯಲ್ಲಿ ಇಪ್ಪತ್ತಾರು ವರ್ಷ ಬೆಂಕಿ ಆರಿಸಲು ಹೋದವನು. ಕೊನೆಯ ಒಂದೂವರೆ ವರ್ಷ ಮಾತ್ರ ಅವನನ್ನು ವಾಚ್ ರೂಮಿನಲ್ಲಿ ಕೂರಿಸಿದ್ದರು. ಫೋನು ಬಂದರೆ ಎತ್ತುವುದು, ವಿಳಾಸ ಬರೆದುಕೊಂಡು ಗಂಟೆ ಒತ್ತುವುದು, ಗಾಡಿ ಹೊರಟ ಹೊತ್ತನ್ನು ರಿಜಿಸ್ಟರಿಗೆ ಏರಿಸುವುದು, ಇಷ್ಟೇ ಕೆಲಸ. ಗಂಟೆ ಕೇಳಿದ ಕೂಡಲೇ ಉಳಿದವರೆಲ್ಲ ಬೂಟು ಹಾಕಿಕೊಂಡು ಓಡುತ್ತಿದ್ದರು. ಒಂದು ನಿಮಿಷದೊಳಗೆ ಅಂಗಳ ಖಾಲಿಯಾಗುತ್ತಿತ್ತು. ಆಮೇಲೆ ಅವರು ಬರುವವರೆಗೆ ಅವನೊಬ್ಬನೇ.

ಮೊದಮೊದಲು ಬೆಂಕಿ ಆರಿಸಿ ಬಂದವರು ನೇರವಾಗಿ ವಾಚ್ ರೂಮಿಗೆ ನುಗ್ಗಿ, ಅಲ್ಲಿ ಏನಾಯಿತೆಂದು ಹೇಳುತ್ತಿದ್ದರು. ಆದರೆ ಅವರ ಬಟ್ಟೆಯ ಹೊಗೆ ವಾಸನೆ ಮೂಗಿಗೆ ಬಡಿದರೆ ಸಾಕು, ಕಾಂತರಾಜುವಿಗೆ ಕೆಮ್ಮು ಹತ್ತುತ್ತಿತ್ತು. ಹತ್ತಿದರೆ ಸುಲಭಕ್ಕೆ ನಿಲ್ಲುತ್ತಿರಲಿಲ್ಲ. ಅವನಿಗೆ ತೊಂದರೆ ಬೇಡವೆಂದು ಅವರು ಕಿಟಕಿಯ ಆಚೆಯಿಂದಲೇ ಕೈ ಎತ್ತಿ ಸ್ನಾನಕ್ಕೆ ಹೋಗತೊಡಗಿದರು. ಸ್ನಾನ, ಊಟ ಮುಗಿಯುವ ಹೊತ್ತಿಗೆ ಹೇಳುವ ಉತ್ಸಾಹವೂ ಮುಗಿದಿರುತ್ತಿತ್ತು. ಯಾರೂ ಅವನನ್ನು ದೂರವಿಡಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಎಲ್ಲರೂ ದೂರವಾದರು.

ಠಾಣೆಯ ಹಿಂದಿನ ಕ್ವಾರ್ಟರ್ಸಿನಲ್ಲಿ ಅವನ ವಾಸ. ಹೆಂಡತಿ ಅನುಸೂಯಮ್ಮ ತೀರಿಕೊಂಡು ಆರು ವರ್ಷವಾಗಿತ್ತು. ಮಗಳು ಪ್ರಮೋದಾ ಚಿಂತಾಮಣಿಯಲ್ಲಿ ಗಂಡನ ಮನೆಯಲ್ಲಿದ್ದಳು. ತನ್ನ ಜೊತೆ ಬಂದಿರು ಎಂದು ಅವಳು ಕರೆದಾಗಲೆಲ್ಲ ಅವನು ಡ್ಯೂಟಿಯ ನೆಪ ಹೇಳುತ್ತಿದ್ದ.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರು ಶ್ವಾಸಕೋಶ ಗಟ್ಟಿಯಾಗುತ್ತಿದೆ, ಗಟ್ಟಿಯಾದದ್ದು ಮತ್ತೆ ಮೊದಲಿನಂತಾಗುವುದಿಲ್ಲ ಎಂದು ಹೇಳಿದರು. ಸಿಗರೇಟು, ಬೀಡಿ ಅಭ್ಯಾಸವಿದೆಯೇ ಎಂದು ಕೇಳಿದರು. ಒಂದು ದಿನವೂ ಇಲ್ಲ ಎಂದ. ಹಾಗಾದರೆ ಏನು ಕೆಲಸ ಎಂದು ಕೇಳಿ, ಉತ್ತರ ಕೇಳಿದ ಮೇಲೆ ಬರೆಯುವುದನ್ನು ನಿಲ್ಲಿಸಿ ಅವನ ಮುಖ ನೋಡಿದರು. ರಾಸಾಯನಿಕ ಹೊಗೆಯಿಂದ ಬಂದಿರುವ ಸಾಧ್ಯತೆ ಹೆಚ್ಚು ಎಂದು ಚೀಟಿಯಲ್ಲಿ ಬರೆದು, ಇದು ನೌಕರಿಯಿಂದ ಬಂದ ಕಾಯಿಲೆ, ಇಲಾಖೆಯಿಂದ ಪರಿಹಾರ ಕೇಳಿ ಎಂದರು.

ಅವನು ಅರ್ಜಿ ಹಾಕಿದ. ನಾಲ್ಕು ತಿಂಗಳ ಮೇಲೆ ಕಚೇರಿಯಿಂದ ಉತ್ತರ ಬಂತು. ಯಾವ ಬೆಂಕಿಯಲ್ಲಿ, ಎಷ್ಟು ಹೊತ್ತು, ಯಾವ ಹೊಗೆ ಕುಡಿದಿರಿ ಎನ್ನುವುದಕ್ಕೆ ದಾಖಲೆ ಒದಗಿಸಿ ಎಂದಿತ್ತು.

ಯಾವ ಬೆಂಕಿ ಎಂದು ಅವನು ಯೋಚಿಸಬೇಕಾಗಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಕೈಗಾರಿಕಾ ಪ್ರದೇಶದ ಒಂದು ಗೋಡೌನಿನಲ್ಲಿ ಬಣ್ಣಕ್ಕೆ ಬೆರೆಸುವ ಥಿನ್ನರಿನ ಡ್ರಮ್ಮುಗಳು ಹೊತ್ತಿಕೊಂಡು ಮೂರು ದಿನ ಉರಿದಿದ್ದವು. ಒಳಗೆ ಹೋದವರು ಇಬ್ಬರು. ಪೈಪಿನ ಮುಂದಿನ ತುದಿ ಹಿಡಿದವನು ಮುನಿರಾಮಯ್ಯ, ಅವನ ಬೆನ್ನಿಗೆ ಕಾಂತರಾಜು. ಮೂತಿಗೆ ಒದ್ದೆ ಟವೆಲ್ ಸುತ್ತಿಕೊಂಡು ಹೋಗುವುದು, ಕಾಲು ಗಂಟೆ ನೀರು ಹೊಡೆದು ಹೊರಗೆ ಬಂದು ವಾಂತಿ ಮಾಡುವುದು, ಮತ್ತೆ ಹೋಗುವುದು. ಮೂರು ದಿನವೂ ಹೀಗೇ ನಡೆದಿತ್ತು. ಮುನಿರಾಮಯ್ಯ ಎರಡು ವರ್ಷದ ಹಿಂದೆ ಇದೇ ಕೆಮ್ಮಿನಲ್ಲಿ ತೀರಿಕೊಂಡಿದ್ದ.

ಕಾಂತರಾಜು ಹಳೆಯ ರಿಜಿಸ್ಟರು ಹುಡುಕಿ ತೆಗೆದ. ಆ ದಿನದ ಪುಟದಲ್ಲಿ ಗಾಡಿಯ ನಂಬರು, ಹೊರಟ ಹೊತ್ತು ಇದ್ದವು. ಕೆಳಗೆ "ಅಧಿಕಾರಿ ಒಬ್ಬರು, ಸಿಬ್ಬಂದಿ ಐವರು" ಎಂದಷ್ಟೇ ಇತ್ತು. ಹೆಸರುಗಳಿರಲಿಲ್ಲ. ಉಳಿದ ಮೂವರು ವರ್ಗವಾಗಿ ಬೇರೆ ಬೇರೆ ಜಿಲ್ಲೆಗಳಲ್ಲಿದ್ದರು. ಫೋನು ಮಾಡಿದರೆ, ಅಷ್ಟು ಹಳೆಯದು ಯಾರಿಗೆ ನೆನಪಿರುತ್ತದೆ ಎಂದರು. ಇನ್ನು ಉಳಿದವರು ಅಂದಿನ ಠಾಣಾಧಿಕಾರಿ ಅಶೋಕ್ ಒಬ್ಬರೇ. ನಿವೃತ್ತರಾಗಿ ನೆಲಮಂಗಲದಲ್ಲಿ ಮನೆ ಕಟ್ಟಿಕೊಂಡಿದ್ದರು.

ಒಂದು ದಿನ ರಜೆ ಹಾಕಿ, ಬಸ್ಸು ಬದಲಿಸಿಕೊಂಡು ಕಾಂತರಾಜು ಅಲ್ಲಿಗೆ ಹೋದ. ಬಸ್ ಸ್ಟ್ಯಾಂಡಿನಿಂದ ಅವರ ಮನೆಗೆ ಹತ್ತು ನಿಮಿಷದ ದಾರಿ. ಅಂಗಡಿ ಕಟ್ಟೆಗಳ ಮೇಲೆ ಕೂತು ಕೂತು ಹೋಗುವಷ್ಟರಲ್ಲಿ ಅವನಿಗೆ ಮುಕ್ಕಾಲು ಗಂಟೆ ಹಿಡಿಯಿತು. ಅಶೋಕ್ ಸಂತೋಷದಿಂದಲೇ ಕೂರಿಸಿದರು, ಕಾಫಿ ತರಿಸಿದರು. ಬಂದ ವಿಷಯ ಕೇಳಿದ ಮೇಲೆ ಲೋಟ ಕೆಳಗಿಟ್ಟರು. ಆ ಬೆಂಕಿಗೆ ಒಂದು ವಾರ ಮುಂಚೆ ಠಾಣೆಯ ತಪಾಸಣೆ ನಡೆದಿತ್ತು. ಹೊಗೆಯೊಳಗೆ ಉಸಿರಾಡಲು ಹಾಕಿಕೊಳ್ಳುವ ನಾಲ್ಕು ಮಾಸ್ಕುಗಳಲ್ಲಿ ಮೂರು ಕೆಟ್ಟಿದ್ದವು, ನಾಲ್ಕನೆಯದರ ಸಿಲಿಂಡರಿನಲ್ಲಿ ಗಾಳಿ ಇರಲಿಲ್ಲ. ಎಲ್ಲವೂ ಸುಸ್ಥಿತಿಯಲ್ಲಿವೆ ಎಂಬ ವರದಿಗೆ ಸಹಿ ಹಾಕಿದ್ದವರು ಅಶೋಕ್.

"ಈಗ ಮಾಸ್ಕ್ ಇರ್ಲಿಲ್ಲ ಅಂತ ಬರೆದ್ರೆ, ಆವತ್ತು ಸುಳ್ಳು ಸೈನ್ ಹಾಕ್ದೆ ಅಂತ ನಾನೇ ಒಪ್ಕೊಂಡಂಗಾಗುತ್ತೆ ಕಾಂತರಾಜು" ಎಂದರು. "ಬೇರೆ ಯಾರನ್ನಾದ್ರೂ ಕೇಳ್ನೋಡು."

"ಬೇರೆ ಯಾರಿದಾರೆ ಸಾರ್? ಮುನಿರಾಮಯ್ಯ ಹೋಗ್ಬಿಟ್ಟ."

ಅಶೋಕ್ ಅವರಿಗೆ ಅದು ಗೊತ್ತಿರಲಿಲ್ಲ. ಹೇಗೆ ಹೋದ ಎಂದು ಕೇಳಿದರು. ಉತ್ತರ ಹೇಳಲು ಬಾಯಿ ತೆರೆದ ಕಾಂತರಾಜುವಿಗೆ ಕೆಮ್ಮು ಬಂತು. ಬಗ್ಗಿ ಎರಡೂ ಮೊಣಕಾಲು ಹಿಡಿದುಕೊಂಡು ಬಹಳ ಹೊತ್ತು ಕೆಮ್ಮಿದ. ಅಶೋಕ್ ನೀರು ಹಿಡಿದು ನಿಂತರು. ಕೆಮ್ಮು ನಿಂತ ಮೇಲೆ "ಹಿಂಗೇ ಸಾರ್" ಎಂದ. ಅವರು ಗೇಟಿನವರೆಗೆ ಬಂದರು. ಬರೆಯುತ್ತೇನೆ ಎಂದೂ ಹೇಳಲಿಲ್ಲ, ಬರೆಯುವುದಿಲ್ಲ ಎಂದೂ ಹೇಳಲಿಲ್ಲ.

ಎರಡು ತಿಂಗಳು ಏನೂ ಆಗಲಿಲ್ಲ. ಆಮೇಲೆ ವೈದ್ಯಕೀಯ ಮಂಡಳಿಯ ಮುಂದೆ ಹಾಜರಾಗಲು ಕಾಂತರಾಜುವಿಗೆ ಪತ್ರ ಬಂತು. ಅಲ್ಲಿಗೆ ಹೋದಾಗ ಮೇಜಿನಾಚೆಯ ಅಧಿಕಾರಿಯೊಬ್ಬರು ಒಂದು ಹೇಳಿಕೆಯನ್ನು ಓದಿದರು. ಅಶೋಕ್ ತಮ್ಮ ಕೈಯಾರೆ ಬರೆದು ನೇರವಾಗಿ ಕಚೇರಿಗೆ ಕಳಿಸಿದ್ದರು. ಕಾಂತರಾಜು ಮತ್ತು ಮುನಿರಾಮಯ್ಯ ಎಂಬ ಇಬ್ಬರನ್ನು ಒಳಗೆ ಕಳಿಸಿದವನು ನಾನು, ಮಾಸ್ಕ್ ಇಲ್ಲವೆಂದು ಗೊತ್ತಿದ್ದೇ ಕಳಿಸಿದೆ, ಇಬ್ಬರೂ ಒಲ್ಲೆ ಎನ್ನಲಿಲ್ಲ, ತಪಾಸಣೆಯ ವರದಿಗೆ ಹಾಕಿದ ನನ್ನ ಸಹಿ ಸುಳ್ಳು ಎಂದು ಅದರಲ್ಲಿತ್ತು.

ಹೊರಗೆ ಬಂದ ಕಾಂತರಾಜು ಅಶೋಕ್ ಅವರಿಗೆ ಫೋನು ಮಾಡಿದ. ರಿಂಗಾಯಿತು, ಎತ್ತಲಿಲ್ಲ. ಸಂಜೆ ಮತ್ತೆ ಮಾಡಿದಾಗಲೂ ಎತ್ತಲಿಲ್ಲ. ಅವರಿಗೆ ತನ್ನ ಜೊತೆ ಮಾತು ಬೇಡವೆಂದು ಅರ್ಥ ಮಾಡಿಕೊಂಡು ಮತ್ತೆ ಮಾಡಲಿಲ್ಲ.

ಆದೇಶ ಬಂದಾಗ ಈಗಿನ ಠಾಣಾಧಿಕಾರಿ ವೇಣುಗೋಪಾಲ್ ಅದನ್ನು ತಾವೇ ವಾಚ್ ರೂಮಿಗೆ ತಂದು ಓದಿದರು. ಚಿಕ್ಕ ವಯಸ್ಸಿನವರು. "ಒಪ್ಕೊಂಡಿದಾರೆ ಕಾಂತರಾಜಣ್ಣ, ಡ್ಯೂಟಿಯಿಂದಾನೇ ಬಂದ ಕಾಯ್ಲೆ ಅಂತ ಬರ್ದಿದಾರೆ" ಎಂದು ಕೈ ಕುಲುಕಿದರು. ಎರಡನೆಯ ಪುಟಕ್ಕೆ ಬಂದಾಗ ಅವರ ದನಿ ತಗ್ಗಿತು. ಪರಿಹಾರ, ಪೂರ್ತಿ ಪಿಂಚಣಿ ಎಲ್ಲವೂ ಮಂಜೂರಾಗಿದ್ದವು. ಆದರೆ ನೌಕರಿಗೆ ಅನರ್ಹನಾದ ಕಾರಣ ತಿಂಗಳ ಕೊನೆಗೆ ಕೆಲಸದಿಂದ ಬಿಡುಗಡೆ, ಕ್ವಾರ್ಟರ್ಸ್ ಖಾಲಿ ಮಾಡತಕ್ಕದ್ದು.

ಅದು ಹೀಗೇ ಆಗುತ್ತದೆಂದು ಕಾಂತರಾಜು ಯೋಚಿಸಬೇಕಿತ್ತು, ಯೋಚಿಸಿರಲಿಲ್ಲ. ಇಷ್ಟು ದಿನ ಆ ಕಾಗದ ಬರಬೇಕು ಎಂಬುದೊಂದೇ ತಲೆಯಲ್ಲಿತ್ತು.

ಬೀಳ್ಕೊಡುಗೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಅಂಗಳದಲ್ಲಿ ಕುರ್ಚಿ ಹಾಕಿ, ಅವನಿಗೆ ಹಾರ ಹಾಕಿ ಶಾಲು ಹೊದಿಸಿದರು. ವೇಣುಗೋಪಾಲ್ ಎರಡು ಮಾತು ಆಡುವಷ್ಟರಲ್ಲಿ ಫೋನು ಬಂತು. ಪ್ಲಾಸ್ಟಿಕ್ ಗುಜರಿಗೆ ಬೆಂಕಿ ಬಿದ್ದಿತ್ತು. ತಿಂಡಿಯ ತಟ್ಟೆಗಳನ್ನು ಇದ್ದಲ್ಲೇ ಬಿಟ್ಟು ಎಲ್ಲರೂ ಗಾಡಿ ಹತ್ತಿದರು. ಫೋನಿನ ಬಳಿ ಕೂತ ಹೊಸಬ ಗಾಡಿ ಹೊರಟ ಹೊತ್ತನ್ನು ರಿಜಿಸ್ಟರಿಗೆ ಏರಿಸುತ್ತಿದ್ದ. ಕಾಂತರಾಜು ಸ್ವಲ್ಪ ಹೊತ್ತು ಖಾಲಿ ಕುರ್ಚಿಗಳ ನಡುವೆ ಕೂತಿದ್ದು, ಹಾರ ತೆಗೆದು ಮಡಿಲಲ್ಲಿಟ್ಟುಕೊಂಡ. ಅವರು ಬರುವವರೆಗೆ ಕಾಯಬೇಕೆನಿಸಿತು. ಬಂದರೆ ಅವರ ಮೈಮೇಲೆ ಹೊಗೆ ಇರುತ್ತದೆ. ಎದ್ದು ಹೊರಟ.

ಹೊಸಕೋಟೆ ಕಡೆಯದೇ ಸಣ್ಣ ಊರಾದ ವಿಜಯಪುರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದ. ಪ್ರಮೋದಾ ಬಂದು ಪಾತ್ರೆಗಳನ್ನು ಜೋಡಿಸಿಟ್ಟು, ಎರಡು ದಿನ ಇದ್ದು, ಮಕ್ಕಳ ಶಾಲೆಯೆಂದು ಹೋದಳು. ಅವಳ ಜೊತೆ ಹೋಗಬಹುದಿತ್ತು. ಮೊಮ್ಮಕ್ಕಳ ಮುಂದೆ ಹಾಗೆ ಕೆಮ್ಮಲು ಅವನಿಗೆ ಮನಸ್ಸಾಗಲಿಲ್ಲ. ದಿನಕ್ಕೆರಡು ಸಲ ಹೋಟೆಲಿನವನೊಡನೆ ಆಡುವ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ರಸ್ತೆಯಲ್ಲಿ ಲಾರಿ ಹಾರ್ನ್ ಹೊಡೆದರೂ ಕೂತಲ್ಲಿಂದ ಅರ್ಧ ಎದ್ದು, ಆಮೇಲೆ ಕೂರುತ್ತಿದ್ದ.

ಹೀಗೆ ಮೂರು ವಾರ ಕಳೆದ ಮೇಲೆ, ಆದೇಶದ ಜೊತೆ ಬಂದಿದ್ದ ಅಶೋಕ್ ಅವರ ಹೇಳಿಕೆಯ ನಕಲನ್ನು ಮತ್ತೊಮ್ಮೆ ಓದುತ್ತಿದ್ದಾಗ ಮುನಿರಾಮಯ್ಯನ ಹೆಸರಿನ ಮೇಲೆ ಕಣ್ಣು ನಿಂತಿತು. ಮರುದಿನವೇ ದೊಡ್ಡಬಳ್ಳಾಪುರಕ್ಕೆ ಹೋಗಿ ಅಲ್ಲಿಂದ ತ್ಯಾಮಗೊಂಡ್ಲುವಿನ ಬಸ್ಸು ಹಿಡಿದ. ಮುನಿರಾಮಯ್ಯನ ಹೆಂಡತಿ ಗಂಗಲಕ್ಷ್ಮಮ್ಮ ತವರೂರಾದ ಅಲ್ಲಿ ಒಬ್ಬರೇ ಇದ್ದರು. ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದವರು ಅವನ ಗುರುತು ಹಿಡಿದು ಚಾಪೆ ಹಾಸಿದರು.

ಅವನು ಕಾಗದ ತೋರಿಸಿ, ಆ ಮೂರು ದಿನ ಬೆಂಕಿಯೊಳಗೆ ಹೋದವರೆಂದು ನಿಮ್ಮ ಯಜಮಾನರ ಹೆಸರೂ ಇದರಲ್ಲಿದೆ, ನೀವೂ ಅರ್ಜಿ ಹಾಕಬಹುದು, ನಾನೇ ಬರೆದುಕೊಡುತ್ತೇನೆ ಎಂದು ವಿವರಿಸಿದ. ಅವರು ಅರ್ಜಿಯ ವಿಷಯ ಕೇಳಲಿಲ್ಲ. ಯಾವ ಮೂರು ದಿನ ಎಂದು ಕೇಳಿದರು. ಮುನಿರಾಮಯ್ಯ ಮನೆಯಲ್ಲಿ ಏನೂ ಹೇಳಿರಲಿಲ್ಲ. ಕಾಂತರಾಜು ಅದನ್ನೆಲ್ಲ ಮೊದಲ ಸಲ ಬಾಯಿಬಿಟ್ಟು ಹೇಳಿದ. ನಡುನಡುವೆ ಉಸಿರಿಗಾಗಿ ನಿಂತು ನಿಂತು ಹೇಳಿದ. ಅವರು ಸುಲಿಯುವುದನ್ನು ನಿಲ್ಲಿಸಿದ್ದರು.

"ಬೀಡಿಯಿಂದ ಬಂತು ಅಂದ್ಕೊಂಡಿದ್ದೆ ಕಣಣ್ಣ" ಎಂದರು ಕೊನೆಗೆ. "ಹಾಸಿಗೆ ಹಿಡಿದ್ಮೇಲೂ ಬೈತಿದ್ದೆ. ಸೇದಿ ಸೇದಿ ನನ್ನ ಒಂಟಿ ಮಾಡ್ತೀಯ ಅಂತಿದ್ದೆ. ಒಂದಿನಾನೂ ಎದುರು ಮಾತಾಡ್ಲಿಲ್ಲ."

"ಬೀಡಿನೂ ಸೇರಿರ್ಬೋದು ಅಕ್ಕ. ಆದ್ರೆ ನಾನು ಒಂದಿನಾನೂ ಸೇದಿಲ್ಲ. ನನಗೂ ಅದೇ ಬಂದಿರೋದು."

ಗಂಗಲಕ್ಷ್ಮಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದರು. ಅವನು ಪಕ್ಕದಲ್ಲೇ ಕೂತಿದ್ದ. ಅನುಸೂಯಮ್ಮನಿಗೆ ತಾನೂ ಅದನ್ನು ಹೇಳಿರಲಿಲ್ಲ, ಅವಳು ತಿಳಿಯದೆಯೇ ಹೋದಳು ಎಂಬುದು ಅವನಿಗೆ ಆಗ ನೆನಪಾಯಿತು. ಆಮೇಲೆ ಅವರು ಕಣ್ಣೊರೆಸಿಕೊಂಡು, ಎಲ್ಲಿ ಸಹಿ ಹಾಕಬೇಕು ಎಂದು ಕೇಳಿದರು.

ಮುಂದಿನ ವಾರ ಇಬ್ಬರೂ ಕಚೇರಿಗೆ ಹೋಗಿ ಅರ್ಜಿ ಕೊಟ್ಟರು. ಇನ್ನೂ ಉತ್ತರ ಬಂದಿಲ್ಲ. ತಿಂಗಳಿಗೊಮ್ಮೆ ಕಾಂತರಾಜು ಅದನ್ನು ವಿಚಾರಿಸಲು ಹೋಗುತ್ತಾನೆ. ಮೆಟ್ಟಿಲು ಹತ್ತಲಾರದೆ ಕೆಳಗೇ ಕೂತು, ಗುಮಾಸ್ತರು ಇಳಿದು ಬರುವುದನ್ನು ಕಾಯುತ್ತಾನೆ.