ನೀಲಿ ತುಟಿ

ಜಂಬ ಕೊಚ್ಚುವವರನ್ನು ಕಂಡರೆ ನನಗಾಗುವುದಿಲ್ಲ. ಲಂಡನ್ನಿನ ದೊಡ್ಡ ಅಂಗಡಿಯೊಂದರಲ್ಲಿ ತುಟಿಬಣ್ಣ ಮಾರುವವಳಿಗೆ ಅಂಥವರು ದಿನವೂ ಸಿಗುತ್ತಾರೆ. ಮಿಸ್ಟರ್ ಪಿಂಗಲ್ ಮಾತ್ರ ಬೇರೆ ಜಾತಿಯ ಮನುಷ್ಯ. ಆರು ವರ್ಷ ಒಂದೇ ಕೋಟಿನಲ್ಲಿ ದುಡಿದು, ಚಹಾ ಪೆಟ್ಟಿಗೆಯ ಹಲಗೆ, ಹಳೆಯ ಫ್ಯಾನಿನ ಮೋಟಾರು ಸೇರಿಸಿ ಒಂದು ಯಂತ್ರ ಕಟ್ಟಿದ್ದರು. ಅದರ ಮುಂದೆ ಕುಳಿತವರ ಮುಖ ತಂತಿಯಲ್ಲಿ ಹರಿದು ಪಕ್ಕದ ಕೋಣೆಯ ಪುಟ್ಟ ಗಾಜಿನ ಮೇಲೆ ಮೂಡುತ್ತಿತ್ತು. ಕೇಳಿದವರಿಗೆ ಅವರು ಹೇಳುತ್ತಿದ್ದುದು, "ಸ್ವಲ್ಪ ಕಾಣುತ್ತೆ, ನೋಡಿ" ಎಂದಷ್ಟೇ.

ಅದನ್ನು ನಮ್ಮ ಅಂಗಡಿಯಲ್ಲಿಟ್ಟು ವಾರವಿಡೀ ಜನರಿಗೆ ತೋರಿಸಿದ್ದು ಮರದ ಗೊಂಬೆಯ ತಲೆ. ಯಂತ್ರಕ್ಕೆ ಬೇಕಾದ ದೊಡ್ಡ ದೀಪಗಳ ಕಾವನ್ನು ಮನುಷ್ಯರು ತಡೆಯುವುದು ಕಷ್ಟವಿತ್ತು. ಶುಕ್ರವಾರ ಕೈಗವಸು ಕೊಳ್ಳಲು ಬಂದ ಮುದುಕಿ ಮಿಸೆಸ್ ಥ್ರಿಪ್ ಎಲ್ಲರೆದುರೇ ಮೂದಲಿಸಿದಳು.

"ಗೊಂಬೆ ಆಡ್ಸೋಕೆ ಇಷ್ಟೆಲ್ಲ ದೀಪ ಬೇಕೇನಯ್ಯಾ? ಹಿಂದೆ ಯಾರೋ ದಾರ ಎಳೀತಾ ಇದಾರೆ!"

ಜನ ನಕ್ಕರು. ನಮ್ಮ ಮೇಲ್ವಿಚಾರಕರಿಗೆ ಅಷ್ಟೇ ಸಾಕಾಯಿತು. "ನಾಳೆ ಜೀವ ಇರೋ ಮುಖ ತೋರ್ಸಿ ಪಿಂಗಲ್. ಇಲ್ದಿದ್ರೆ ಗಂಟುಮೂಟೆ ಕಟ್ಟಿ."

ಪಿಂಗಲ್ ಅವರ ಪೆಚ್ಚು ಮುಖ ನೋಡಲಾರದೆ, "ನಾನು ಕೂತ್ಕೋತೀನಿ" ಎಂದುಬಿಟ್ಟೆ.

ಶನಿವಾರ ನಮ್ಮಲ್ಲಿದ್ದ ಅತಿ ದುಬಾರಿ ಕೆಂಪನ್ನು ತುಟಿಗೆ ಬಳಿದುಕೊಂಡು ಕುಳಿತೆ. ನಾಲ್ಕು ಜನ ನೋಡುವಾಗ ಬೋಳು ತುಟಿಯಲ್ಲಿ ಕೂರಲು ನನಗೇನು ಹುಚ್ಚೇ? ಯಂತ್ರ ಗಿರ್ರೆಂದಿತು. ಗೋಡೆಯಾಚೆಯಿಂದ ನಗು ಕೇಳಿಸಿತು.

"ಬಾಯೇ ಇಲ್ವಲ್ರೀ ಇದಕ್ಕೆ! ಕೆತ್ತೋದು ಮರೆತ್ರಾ?" ಅದು ಮತ್ತೆ ನೋಡಲು ಬಂದಿದ್ದ ಮಿಸೆಸ್ ಥ್ರಿಪ್‌ಳ ಗಂಟಲೇ.

ಪಿಂಗಲ್ ಓಡಿ ಬಂದರು. "ಮಿಸ್ ಪೊಲಾರ್ಡ್, ತಪ್ಪು ನಂದೇ. ಈ ಯಂತ್ರಕ್ಕೆ ಕೆಂಪೂ ಒಂದೇ, ಬಿಳುಪೂ ಒಂದೇ. ನಿಮಗೆ ಹೇಳೋದೇ ಮರ್ತೆ."

ಹತ್ತು ವರ್ಷ ಕೆಂಪು ಮಾರಿದವಳಿಗೆ ಇದಕ್ಕಿಂತ ಅವಮಾನ ಬೇಕೆ? ಆದರೆ ಅಳುತ್ತ ಕೂರುವ ಹೊತ್ತು ಅದಲ್ಲ. ಓಡಿಹೋಗಿ ರೆಪ್ಪೆಗೆ ಹಚ್ಚುವ ಕಡುನೀಲಿ ತಂದು, ಕೆಂಪನ್ನು ಒರೆಸಿ, ತುಟಿಗೂ ಹುಬ್ಬಿಗೂ ದಪ್ಪನಾಗಿ ಮೆತ್ತಿದೆ. ಕೈಗವಸಿನ ವಿಭಾಗದ ಡಾರ್ಕಾಸ್ ನೋಡಿ, "ಅಯ್ಯೋ, ಹೆಣ ಎದ್ದು ಬಂದಂಗಿದೆ ಕಣೇ!" ಎಂದಳು.

"ನಿನ್ನ ಕೈಗವಸು ನೀನು ನೋಡ್ಕೋ ಹೋಗೆ" ಎಂದು ಮತ್ತೆ ದೀಪಗಳ ಮುಂದೆ ಕುಳಿತೆ.

ಈ ಸಲ ಆಚೆ ಯಾರೂ ನಗಲಿಲ್ಲ. ನಾಲಿಗೆ ಚಾಚಿದೆ, ತಲೆಯಾಡಿಸಿದೆ. ಗುಸುಗುಸು ಎದ್ದಿತು. ಪಿಂಗಲ್ ಕೂಡ ಆಚೆಯ ಗಾಜಿನ ಮುಂದೆ ನಿಂತು ನೋಡುತ್ತಿದ್ದರು. ಆರು ವರ್ಷ ಅವರು ಕಾದಿದ್ದು ಅದರಲ್ಲಿ ಇಂಥದೊಂದು ಜೀವಂತ ಮುಖ ಕಾಣಲೆಂದೇ. ನೋಡಿಕೊಳ್ಳಲಿ ಎಂದು ಕುಳಿತೇ ಇದ್ದೆ. ಕೆನ್ನೆ ಸುಟ್ಟಿತು, ಹಣೆಯ ಬೆವರು ಕಣ್ಣಿಗಿಳಿಯಿತು. ಎದ್ದರೆ ಮತ್ತೆ ಗೊಂಬೆಯೆಂದಾರು ಎಂಬ ಹಟದಲ್ಲಿ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದೆ. ಕಡೆಗೆ ತಡೆಯಲಾರದೆ ಕಣ್ಣು ಕಿವುಚಿ, ಹಲ್ಲು ಕಚ್ಚಿದೆ.

"ದೀಪ ಆರ್ಸ್ರೋ!" ಆಚೆಯಿಂದ ಮಿಸೆಸ್ ಥ್ರಿಪ್ ಚೀರಿದಳು. "ಕಣ್ಣಿಲ್ವೇನ್ರೋ ನಿಮಗೆ? ಆ ಹುಡುಗಿ ಬೆಂದುಹೋಗ್ತಿದಾಳೆ!"