ಎರಡು ಸಲ ಬಗ್ಗಿಸುವ ಕೈ

ಬಾರಿನ ಬಿಯರ್ ನಲ್ಲಿಗೆ ಒಂದು ಮೀಟರ್ ಇದೆ. ನಲ್ಲಿ ತೆರೆದು ಮುಚ್ಚಿದಾಗಲೆಲ್ಲ ಅದು ಸಣ್ಣ ಕಾಗದದ ಸುರುಳಿಯ ಮೇಲೆ ಒಂದು ಸಾಲು ಅಚ್ಚು ಹಾಕುತ್ತದೆ. ಆ ಬುಧವಾರದ ಸುರುಳಿಯಲ್ಲಿ ಐವತ್ತನಾಲ್ಕು ಸಾಲು ಇರಬೇಕಿತ್ತು. ಎಣಿಸಿದೆ. ಎಪ್ಪತ್ತೆರಡು ಇತ್ತು. ನನ್ನ ಎಣಿಕೆಯ ಮೇಲೆ ನನಗೇ ನಂಬಿಕೆ ಕಡಿಮೆ. ಹತ್ತು ಸಾಲಿಗೊಂದು ಪೆನ್ಸಿಲ್ ಗೆರೆ ಎಳೆದುಕೊಂಡು ಮತ್ತೆ ಎಣಿಸಿದೆ. ಎಪ್ಪತ್ತೆರಡೇ.

ಹದಿನೆಂಟು ಸಾಲು ಹೆಚ್ಚಾದರೆ ಏನಾಯಿತು ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ನಾನು ಒಂದು ಬಿಯರ್ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿದ್ದೇನೆ. ಸೇರಿದ್ದು ಗಾಜಿನ ಸಾಮಾನು ತೊಳೆಯುವುದಕ್ಕೆ. ಎರಡು ವರ್ಷ ಸಂಜೆ ತರಗತಿಗೆ ಹೋಗಿ, ತೂಕಡಿಸುತ್ತಲೇ ಸಂಖ್ಯಾಶಾಸ್ತ್ರ ಓದಿ ಮುಗಿಸಿದ ಮೇಲೆ ಒಂದು ಮೇಜು, ಒಂದು ಕುರ್ಚಿ ಕೊಟ್ಟರು. ಕುರ್ಚಿಗೆ ಒಂದು ಕಾಲು ಗಿಡ್ಡ. ನನ್ನನ್ನು ಸೇರಿಸಿದವರು ನನ್ನ ಸೋದರಮಾವ. ಕಾರ್ಖಾನೆಯ ಗೇಟಿಗೆ ಅಂಟಿಕೊಂಡಂತೆ ಕಂಪನಿಯದೇ ಒಂದು ಬಾರ್ ಇದೆ. ಅಲ್ಲಿ ಮೂವತ್ತೊಂದು ವರ್ಷದಿಂದ ಸ್ಟೌಟ್ ಎಂಬ ಕಪ್ಪು ಬಿಯರ್ ಬಗ್ಗಿಸುತ್ತಿರುವವರು ಅವರೇ. ಬೋರ್ಡಿನ ಮೇಲೆ ಸ್ಟೌಟ್ ಎಂದಿದ್ದರೂ ನಾವೆಲ್ಲ ಅದನ್ನು 'ಕಪ್ಪು' ಎನ್ನುತ್ತೇವೆ. ಅವರನ್ನು ಎಲ್ಲರೂ ನೊರೆಮಾವ ಎನ್ನುತ್ತಾರೆ, ಅವರಿಗಿಂತ ಹಿರಿಯರೂ ಕೂಡ.

ನೊರೆಮಾವನ ಕ್ರಮ ಹೀಗೆ. ಗ್ಲಾಸನ್ನು ಓರೆಯಾಗಿ ಹಿಡಿದು ಮುಕ್ಕಾಲು ತುಂಬಿಸುವುದು. ಕಟ್ಟೆಯ ಮೇಲಿಟ್ಟು ಕೈ ಒರೆಸಿಕೊಳ್ಳುವುದು. ಒಳಗೆ ಕಂದು ಬಣ್ಣದ ಮೋಡ ಕೆಳಕ್ಕಿಳಿದ ಹಾಗೆ ಕಾಣುತ್ತ, ನಿಧಾನಕ್ಕೆ ಕಪ್ಪು ತಿಳಿಯಾಗಿ, ನೊರೆ ಮೇಲೆ ಕೂರುವವರೆಗೆ ಕಾಯುವುದು. ಆಮೇಲೆ ಗ್ಲಾಸನ್ನು ನೆಟ್ಟಗೆ ಹಿಡಿದು, ನೊರೆ ಅಂಚಿನಿಂದ ಒಂದು ಕೂದಲೆಳೆ ಮೇಲೆ ಬರುವಷ್ಟು ಬಗ್ಗಿಸುವುದು. ಎಲ್ಲ ಸೇರಿ ಎರಡು ನಿಮಿಷ. ಅವಸರ ಮಾಡುವವರಿಗೆ ಅವರದು ಒಂದೇ ಉತ್ತರ: "ಹೆತ್ತೋರು ಒಂಬತ್ತು ತಿಂಗಳು ಕಾದಿದ್ದಾರೆ, ನೀನು ಎರಡು ನಿಮಿಷ ಕಾಯಪ್ಪ."

ಹೊಸ ಮ್ಯಾನೇಜರ್ ಬಂದು ಮೂರು ತಿಂಗಳಾಗಿತ್ತು. ಗ್ಲಾಸಿಟ್ಟು ಗುಂಡಿ ಒತ್ತಿದರೆ ಒಂದೇ ಉಸಿರಿಗೆ ತುಂಬಿಸುವ ಯಂತ್ರದ ಚಿತ್ರ ಅವರ ಮೇಜಿನ ಮೇಲಿತ್ತು. ನನ್ನನ್ನು ಕರೆಸಿದರು.

"ಎರಡು ಸಲ ಬಗ್ಗಿಸಿದ್ರೆ ರುಚಿ ಬೇರೆ ಅಂತಾರಲ್ಲ ನಿಮ್ಮ ಮಾವ, ನಿಜಾನಾ?"

"ಗೊತ್ತಿಲ್ಲ ಸರ್."

"ಗೊತ್ತು ಮಾಡ್ಕೊಡಿ. ವ್ಯತ್ಯಾಸ ಇದ್ರೆ ಅವರು ಅಲ್ಲೇ ಇರ್ಲಿ, ನಂದೇನೂ ತಕರಾರಿಲ್ಲ. ಇಲ್ಲಾಂದ್ರೆ ಯಂತ್ರ ತರಿಸ್ತೀನಿ. ಅವರಿಗೆ ಬಾಟಲಿ ನೋಡೋ ಕೋಣೇಲಿ ಜಾಗ ಇದೆ."

ಬಾಟಲಿ ನೋಡುವ ಕೋಣೆ ಎಂದರೆ ಬಿಳಿ ದೀಪದ ಮುಂದೆ ಖಾಲಿ ಬಾಟಲಿಗಳು ದಿನವಿಡೀ ಸಾಗುವುದು, ಬಿರುಕು ಬಿಟ್ಟದ್ದನ್ನು ಎತ್ತಿ ಬದಿಗಿಡುವುದು. ಅಲ್ಲಿ ಮಾತಾಡುವವರಿಲ್ಲ. ಮಾತಾಡಿದರೂ ಯಂತ್ರದ ಸದ್ದಿಗೆ ಕೇಳುವುದಿಲ್ಲ. ಮಾವನಿಗೆ ನಿವೃತ್ತಿಗೆ ಇನ್ನೆರಡು ವರ್ಷ.

ಪರೀಕ್ಷೆಯ ವಿಧಾನ ತರಗತಿಯಲ್ಲಿ ಕಲಿತದ್ದೇ. ಒಬ್ಬೊಬ್ಬರಿಗೆ ಮೂರು ಗ್ಲಾಸು. ಎರಡು ಒಂದೇ ಥರ ಬಗ್ಗಿಸಿದ್ದು, ಒಂದು ಬೇರೆ. ಆ ಬೇರೆಯದನ್ನು ಗುರುತಿಸಬೇಕು. ಸುಮ್ಮನೆ ಊಹಿಸಿದರೂ ಹನ್ನೆರಡು ಜನರಲ್ಲಿ ನಾಲ್ವರು ಸರಿ ಹೇಳುವುದು ಸಹಜ. ಎಂಟು ಜನ ಸರಿ ಹೇಳಿದರೆ ಮಾತ್ರ ವ್ಯತ್ಯಾಸ ಇದೆ ಎಂದು ಬರೆಯಬಹುದು. ಸಂಖ್ಯಾಶಾಸ್ತ್ರದ ಕೋಷ್ಟಕದಲ್ಲಿ ಹಾಗಿದೆ.

ಬುಧವಾರ ಊಟವಾದ ಮೇಲೆ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಬಾರಿನಲ್ಲೇ ಹನ್ನೆರಡು ಜನರನ್ನು ಸೇರಿಸಿದೆ. ನೊರೆ ನೋಡಿ ಗುರುತು ಹಿಡಿಯಬಾರದೆಂದು ಎಲ್ಲರ ಕಣ್ಣಿಗೂ ಬಟ್ಟೆ.

"ಏನಮ್ಮ, ಕುಡಿದ ಮೇಲೆ ಕಣ್ಣು ಕಾಣದೆ ಇರೋದು ಕೇಳಿದ್ದೀನಿ, ಇಲ್ಲಿ ಮೊದಲೇ ಕಾಣ್ತಿಲ್ಲ," ಎಂದ ಲಾರಿ ಡ್ರೈವರ್.

"ಎರಡೇ ಗುಟುಕು ಅಣ್ಣ, ಉಳಿದದ್ದು ಬಿಟ್ಬಿಡಿ."

"ಬಿಡೋದಾ? ಅಯ್ಯೋ ಪಾಪ ಬರುತ್ತೆ."

ಬಗ್ಗಿಸುವುದು ಹಲಗೆಯ ಮರೆಯಲ್ಲಿ. ಯಾವ ಗ್ಲಾಸು ಯಾವುದೆಂದು ನನಗೂ ತಿಳಿಯಬಾರದು. ತಿಳಿದರೆ ಮುಖದಲ್ಲಿ ಕಾಣುತ್ತದೆ, ನನ್ನ ಮುಖದಲ್ಲಂತೂ ಖಂಡಿತ. ಹಾಗಾಗಿ ನಾನು ಆ ಕಡೆ ತಲೆ ಹಾಕಲಿಲ್ಲ. ಸ್ಟೋರಿನವನು ಚೀಟಿ ಅಂಟಿಸಿ ತಟ್ಟೆ ತರುತ್ತಿದ್ದ. ಮಾವನಿಗೆ ಪಟ್ಟಿ ಬರೆದು ಕೊಟ್ಟಿದ್ದೆ: ಹದಿನೆಂಟು ಗ್ಲಾಸು ಅವರ ಕ್ರಮದಲ್ಲಿ, ಹದಿನೆಂಟು ನಡುವೆ ನಿಲ್ಲಿಸದೆ ಒಂದೇ ಸಲಕ್ಕೆ.

ನಾಲ್ವರು ಸರಿ ಹೇಳಿದರು. ಪಕ್ಕಾ ಊಹೆಯ ಲೆಕ್ಕ.

ಸಂಜೆ ವರದಿಗೆ ಲಗತ್ತಿಸಲು ಮೀಟರಿನ ಸುರುಳಿಯಲ್ಲಿ ಪರೀಕ್ಷೆಯ ಹೊತ್ತಿನಷ್ಟನ್ನು ಹರಿದು ತಂದೆ. ಎರಡು ಸಲದ್ದು ಹದಿನೆಂಟು ಎಂದರೆ ಮೂವತ್ತಾರು ಸಾಲು. ಒಂದೇ ಸಲದ್ದು ಹದಿನೆಂಟು. ಒಟ್ಟು ಐವತ್ತನಾಲ್ಕು. ಇದ್ದದ್ದು ಎಪ್ಪತ್ತೆರಡು. ಅಂದರೆ ಮೂವತ್ತಾರು ಗ್ಲಾಸನ್ನೂ ಮಾವ ಎರಡು ಸಲವೇ ಬಗ್ಗಿಸಿದ್ದರು. ನಾನು ಹನ್ನೆರಡು ಜನರ ಕಣ್ಣು ಕಟ್ಟಿ, ಒಂದೇ ಥರದ ಮೂರು ಗ್ಲಾಸು ಕೊಟ್ಟು, ಇದರಲ್ಲಿ ಬೇರೆಯದು ಯಾವುದು ಹೇಳಿ ಎಂದು ಪೀಡಿಸಿದ್ದೆ.

ಬಾರಿಗೆ ಹೋದೆ. ಗಿರಾಕಿಗಳು ಕಡಿಮೆ ಇದ್ದರು. ಮಾವ ಬಲ ಮಣಿಕಟ್ಟನ್ನು ಎಡಗೈಯಲ್ಲಿ ಒತ್ತಿಕೊಳ್ಳುತ್ತ ನಿಂತಿದ್ದರು.

"ಮಾವ, ಪಟ್ಟೀಲಿ ಒಂದೇ ಸಲ ಅಂತ ಬರೆದಿದ್ನಲ್ಲ, ಅದನ್ನ ಹೇಗೆ ಬಗ್ಗಿಸಿದ್ರಿ?"

"ಒಂದೇ ಸಲ."

"ನಿಲ್ಲಿಸ್ಲಿಲ್ವಾ?"

"ಇಲ್ಲ ಕಣೇ. ನೀನು ಹೇಳಿದ ಹಾಗೇ. ಹೊಟ್ಟೆ ಉರೀತು, ಆದ್ರೂ ಬಗ್ಗಿಸಿದೆ."

ಸುರುಳಿ ಬಿಚ್ಚಿ ಕಟ್ಟೆಯ ಮೇಲೆ ಹಾಸಿದೆ. ಕನ್ನಡಕ ಹುಡುಕಿ ಹಾಕಿಕೊಂಡು, ಬೆರಳಿಟ್ಟು ಒಂದೊಂದೇ ಸಾಲು ನೋಡಿದರು. ಆಮೇಲೆ ತಮ್ಮ ಕೈಯನ್ನು, ಬೇರೆ ಯಾರೋ ಅಲ್ಲಿ ಬಿಟ್ಟು ಹೋದ ವಸ್ತುವನ್ನು ನೋಡುವ ಹಾಗೆ ನೋಡಿದರು.

"ಮೀಟರ್ ಕೆಟ್ಟಿರಬೇಕು."

"ಮಾವ, ಈಗ ಒಂದು ಬಗ್ಗಿಸಿ. ನಾನು ನೋಡ್ತೀನಿ. ಒಂದೇ ಸಲ."

ಬಗ್ಗಿಸಿದರು. ಹಲ್ಲು ಕಚ್ಚಿ ಹಿಡಿದಿದ್ದರು. ಮುಕ್ಕಾಲಿಗೆ ಬರುತ್ತಲೇ ಮಣಿಕಟ್ಟು ತಿರುಗಿತು, ನಲ್ಲಿ ನಿಂತಿತು, ಗ್ಲಾಸು ಕಟ್ಟೆಗೆ ಬಂತು, ಕೈ ಬಟ್ಟೆಗೆ ಹೋಯಿತು. ಅಷ್ಟಾದ ಮೇಲೆ ಅವರಿಗೆ ಅರಿವಾದದ್ದು.

"ಥೂ," ಎಂದರು. ಮತ್ತೊಂದು ಗ್ಲಾಸು ತೆಗೆದರು. ಅದೂ ಹಾಗೇ ಆಯಿತು.

ಮೂಲೆಯಲ್ಲಿ ಕೂತಿದ್ದ ಸ್ಟೋರಿನವನು ನಕ್ಕ. "ನೊರೆಮಾವ, ಕೆಟ್ಟದಾಗಿ ಬಗ್ಗಿಸಿದ್ರೆ ಗೆಲ್ತಿದ್ರಿ. ನಿಮ್ಮ ಕಾಲ ಮೇಲೆ ನೀವೇ ಕಲ್ಲು ಎತ್ತಿ ಹಾಕ್ಕೊಂಡ್ರಿ."

"ಸುಮ್ನಿರಯ್ಯ. ನೀನು ಚೀಟಿ ನೆಟ್ಟಗೆ ಅಂಟಿಸಿದ್ಯೋ ಇಲ್ವೋ, ಅದನ್ನ ನೋಡ್ಕೋ."

ಮರುದಿನ ಬೆಳಿಗ್ಗೆ ಮ್ಯಾನೇಜರ್ ಕೋಣೆಯ ಬಾಗಿಲಲ್ಲಿ ಎರಡು ಸಲ ಬೆರಳೆತ್ತಿ, ತಟ್ಟದೆ ಹಿಂದೆ ಬಂದೆ. ಮಾವ ಅಂತ ಇನ್ನೊಂದು ಅವಕಾಶ ಕೇಳುತ್ತಿದ್ದೇನೆಯೇ? ಯಾರೋ ಗುರುತಿಲ್ಲದವರು ನಲ್ಲಿಯ ಹತ್ತಿರ ನಿಂತಿದ್ದರೆ ನಾನು ಸುರುಳಿ ಎಣಿಸುತ್ತಿದ್ದೆನೇ? ಎಣಿಸುತ್ತಿದ್ದೆ ಅನಿಸಿತು. ಪೂರ್ತಿ ಖಾತ್ರಿ ಇರಲಿಲ್ಲ. ಮೂರನೆಯ ಸಲ ತಟ್ಟಿದೆ.

ಮ್ಯಾನೇಜರ್ ಸುರುಳಿ ನೋಡಿದರು, ನನ್ನನ್ನು ನೋಡಿದರು.

"ನೀವು ಅವರ ಅಕ್ಕನ ಮಗಳು ಅಲ್ವಾ?"

"ಹೌದು ಸರ್."

"ಹೇಳಿದ್ದು ಒಳ್ಳೇದಾಯ್ತು. ಹೇಳದೆ ಇದ್ದಿದ್ರೆ ನನಗೆ ಗೊತ್ತಾಗ್ತಿರಲಿಲ್ಲ." ಸ್ವಲ್ಪ ಹೊತ್ತು ಪೆನ್ನಿನ ತುದಿ ಕಚ್ಚಿದರು. "ಇನ್ನೊಂದು ಸಲ ಮಾಡಿ. ಒಂದೇ ಸಲದ್ದನ್ನ ನಾನೇ ಬಗ್ಗಿಸ್ತೀನಿ. ನಲ್ಲಿ ತಿರುಗಿಸೋಕೆ ಏನು ಮಹಾ ವಿದ್ಯೆ ಬೇಕು?"

ವಿದ್ಯೆ ಬೇಕಿತ್ತು. ಮೊದಲ ನಾಲ್ಕು ಗ್ಲಾಸು ಉಕ್ಕಿ ಅವರ ಅಂಗಿಯ ತೋಳು ಮೊಣಕೈವರೆಗೆ ನೆನೆಯಿತು. ಮಾವ ಒಂದು ಒಣ ಬಟ್ಟೆ ಮುಂದೆ ಹಿಡಿದರು. ಆಮೇಲೆ ಹಲಗೆಯ ಮರೆಯಲ್ಲಿ ಇಬ್ಬರೂ ಅಕ್ಕಪಕ್ಕ ನಿಂತು ಬಗ್ಗಿಸಿದರು. ಆಗಾಗ ಮಾವನ ದನಿ ಕೇಳುತ್ತಿತ್ತು: "ಸ್ವಲ್ಪ ಓರೆ ಹಿಡೀರಿ ಸಾರ್, ಇಲ್ಲಾಂದ್ರೆ ಮತ್ತೆ ಸ್ನಾನ." ತಮ್ಮನ್ನು ತೆಗೆಯಲು ಬಂದವರಿಗೆ ಗ್ಲಾಸು ಹಿಡಿಯುವುದನ್ನು ಕಲಿಸುವ ಅಗತ್ಯ ಅವರಿಗಿರಲಿಲ್ಲ.

ಈ ಕಡೆ ಅದೇ ಹನ್ನೆರಡು ಜನ, ಅದೇ ಬಟ್ಟೆಗಳು. ನಾನು ಉತ್ತರ ಬರೆದುಕೊಳ್ಳುತ್ತ ಹೋದೆ. ಹನ್ನೆರಡನೆಯವನು ಲಾರಿ ಡ್ರೈವರ್. ಮೂರನ್ನೂ ಹೀರಿ, "ನಡುವಿಂದು," ಎಂದ. ನಾನು ಬರೆದೆ. ಅವನು ಎದ್ದವನು ಮತ್ತೆ ಕೂತ.

"ತಾಳಮ್ಮ." ಇನ್ನೊಂದು ಗುಟುಕು. "ಅಲ್ಲ. ಕೊನೇದು. ಕೊನೇದೇ."

"ಖಾತ್ರಿನಾ ಅಣ್ಣ?"

"ಇದೇನು ಕೋರ್ಟಾ? ಕೊನೇದು ಬರ್ಕೋ."

ನಡುವಿನದನ್ನು ಹೊಡೆದು ಹಾಕಿ ಕೊನೆಯದು ಎಂದು ಬರೆದೆ. ಎಲ್ಲರೂ ಹೋದ ಮೇಲೆ ಸ್ಟೋರಿನವನ ಪಟ್ಟಿಯನ್ನು ಪಕ್ಕದಲ್ಲಿಟ್ಟು ಹೋಲಿಸಿದೆ. ಮೊದಲು ಉಕ್ಕಿಸಿದ ನಾಲ್ಕನ್ನು ಬಿಟ್ಟರೆ ಮೀಟರಿನ ಸಾಲು ಈ ಸಲ ಸರಿಯಾಗಿ ಐವತ್ತನಾಲ್ಕು. ಸರಿ ಉತ್ತರ ಏಳು. ಡ್ರೈವರನ ತಟ್ಟೆಯಲ್ಲಿ ಬೇರೆಯದು ಇದ್ದದ್ದು ನಡುವೆ.

ಮೊದಲು ಹೇಳಿದ್ದನ್ನೇ ಹಿಡಿದರೆ ಎಂಟು.

ಕಾಗದ ಮುಂದಿಟ್ಟುಕೊಂಡು ಕೂತೆ. ಗಿಡ್ಡ ಕಾಲಿನ ಕುರ್ಚಿ ಆ ಕಡೆ ಈ ಕಡೆ ಅಲುಗುತ್ತಿತ್ತು. ಹೊಡೆದು ಹಾಕಿದ 'ನಡುವಿನದು' ಗೆರೆಯ ಕೆಳಗೆ ಸ್ಪಷ್ಟವಾಗಿ ಓದುವಂತೆಯೇ ಇತ್ತು. ನಾಲಿಗೆಗೆ ಮೊದಲು ತಿಳಿದದ್ದೇ ನಿಜ, ಆಮೇಲೆ ಬುದ್ಧಿ ಕೆಡಿಸುತ್ತದೆ ಎಂದು ಯಾರಾದರೂ ವಾದಿಸಬಹುದು. ಬುಧವಾರ ಇಬ್ಬರು ಹೀಗೇ ಉತ್ತರ ಬದಲಿಸಿದ್ದರು. ಅವರದ್ದು ಕೊನೆಯ ಮಾತನ್ನೇ ಹಿಡಿದಿದ್ದೆ. ಆಗ ನನಗೆ ಅದು ಸರಿ ಎನಿಸಿತ್ತು. ಈಗ ಬೇಡವೆನಿಸುತ್ತಿದ್ದರೆ ಅದಕ್ಕೆ ಕಾರಣ ಒಂದೇ, ಬಾರಿನಲ್ಲಿ ಗ್ಲಾಸು ತೊಳೆಯುತ್ತಿದ್ದ ಮಾವ. ಉಗುಳಲೂ ಆಗದ ನುಂಗಲೂ ಆಗದ ಬಿಸಿತುಪ್ಪ. ಏಳು ಎಂದು ಬರೆದೆ. ಅಂಕಿಯಲ್ಲಿ ಬರೆದು, ತಿದ್ದಲು ಆಗದಿರಲಿ ಎಂದು ಅಕ್ಷರದಲ್ಲೂ ಬರೆದೆ.

ಮ್ಯಾನೇಜರ್ ಒದ್ದೆ ತೋಳು ಮಡಚಿಕೊಂಡು ಓದಿದರು.

"ಎಂಟು ಬೇಕಿತ್ತು."

"ಹೌದು ಸರ್. ಆದ್ರೆ ವ್ಯತ್ಯಾಸ ಇಲ್ಲ ಅಂತ ಸಾಬೀತಾಗಿಲ್ಲ. ಇದೆ ಅಂತ ಸಾಬೀತಾಗಿಲ್ಲ, ಅಷ್ಟೇ. ಇನ್ನೂ ಹೆಚ್ಚು ಜನರನ್ನ ಇಟ್ಕೊಂಡು ಮಾಡಿದ್ರೆ..."

"ಅದನ್ನೂ ಬರೆದಿದ್ದೀರಲ್ಲ, ನೋಡಿದೆ. ನನಗೆ ಸಹಿ ಹಾಕೋಕೆ ಇಷ್ಟು ಸಾಕು ಕಣಮ್ಮ." ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. ಅವರೂ ದಣಿದಿದ್ದರು.

ಬಾರಿನಲ್ಲಿ ಮಾವ ಗ್ಲಾಸುಗಳನ್ನು ಬೋರಲು ಹಾಕುತ್ತಿದ್ದರು. ಚೆಲ್ಲಿದ ಕಪ್ಪಿನ ಹುಳಿ ವಾಸನೆ ಮೋರಿಯಿಂದ ಬರುತ್ತಿತ್ತು. ನಾನು ಎದುರಿನ ಸ್ಟೂಲಿನ ಮೇಲೆ ಕೂತೆ. ಕಾಲು ಇಷ್ಟು ನೋಯುತ್ತಿದೆ ಎಂದು ಕೂತ ಮೇಲೆ ತಿಳಿಯಿತು.

"ಎಷ್ಟು?" ಎಂದರು, ತಿರುಗದೆ.

"ಏಳು."

"ಎಷ್ಟು ಬೇಕಿತ್ತು?"

"ಎಂಟು." ಆಮೇಲೆ ಮುಚ್ಚಿಡಲಾರದೆ ಡ್ರೈವರ್ ವಿಷಯವನ್ನೂ ಹೇಳಿದೆ. ಅವನು ಮೊದಲು ಸರಿ ಹೇಳಿದ್ದು, ಆಮೇಲೆ ಬದಲಿಸಿದ್ದು, ನಾನು ಬರೆದದ್ದು. ಹೇಳುವಾಗ ಕಟ್ಟೆಯ ಮರದ ಗಂಟನ್ನು ಉಗುರಿನಿಂದ ಕೆರೆಯುತ್ತಿದ್ದೆ.

ಮಾವ ತಿರುಗಿದರು. ಬಯ್ಯುತ್ತಾರೆಂದುಕೊಂಡೆ. ಬಯ್ದಿದ್ದರೆ ಸುಲಭವಿತ್ತು.

"ಏಳು ಜನಕ್ಕೆ ಗೊತ್ತಾಯ್ತಾ?" ಎಂದರು.

"ಮಾವ, ಅದು ಹಾಗಲ್ಲ. ನಾಲ್ಕು ಜನ ಸುಮ್ನೆ ಊಹೆ ಮಾಡಿದ್ರೂ..."

"ಹೂಂ, ಅದಿರ್ಲಿ." ಬಟ್ಟೆಯನ್ನು ಹಿಂಡಿ ಕೊಡವಿದರು. "ನಿನಗೊಂದು ಮಾತು ಹೇಳ್ತೀನಿ, ನಿಮ್ಮತ್ತೆ ಹತ್ರ ಕೂಡ ಹೇಳಿಲ್ಲ. ನನಗೆ ಯಾವತ್ತೂ ಗೊತ್ತಾಗಿಲ್ಲ ಕಣೇ."

"ಏನು?"

"ರುಚಿ ವ್ಯತ್ಯಾಸ. ಕೆಲಸಕ್ಕೆ ಸೇರಿದ ವರ್ಷ ಎಷ್ಟೋ ಸಲ ಕುಡಿದು ನೋಡಿದೆ. ಎರಡೂ ಒಂದೇ. ನನ್ನ ನಾಲಿಗೆ ಸರಿಯಿಲ್ಲ ಅಂದ್ಕೊಂಡು ಬಾಯಿ ಮುಚ್ಕೊಂಡೆ. ಕಲಿಸಿದೋರು ಹೀಗೇ ಅಂದ್ರು, ಹೀಗೇ ಬಗ್ಗಿಸಿದೆ. ಈಗ ನೋಡು, ಏಳು ಜನ." ತಲೆಯಾಡಿಸಿದರು. "ಸುಮ್ನೆ ಕಾಯಿಸ್ಲಿಲ್ಲ ಅನ್ನು, ಎಲ್ಲರನ್ನೂ."

ನನ್ನ ಬಾಯಿಗೆ ಕೋಷ್ಟಕ ಬಂತು. ಏಳೆಂದರೆ ಏನೂ ಹೇಳಲಾಗದ ಸಂಖ್ಯೆ, ಮಾವ. ಅದು ಆಕಸ್ಮಿಕವೂ ಆಗಿರಬಹುದು. ಎರಡು ವರ್ಷ ಕಷ್ಟಪಟ್ಟು ಕಲಿತದ್ದು ಅಷ್ಟೇ. ನುಂಗಿಕೊಂಡೆ. ಹಾಗೆ ನುಂಗಿಕೊಂಡದ್ದು ಸುಳ್ಳು ಹೇಳಿದ ಹಾಗಾಯಿತೋ ಏನೋ ನನಗೆ ಇನ್ನೂ ತೀರ್ಮಾನವಾಗಿಲ್ಲ.

"ಬಾಟಲಿ ಕೋಣೆಗೆ ಯಾವತ್ತಿಂದ?" ಎಂದು ಮಾವನೇ ಕೇಳಿದರು.

"ಯಂತ್ರ ಬಂದ ಮೇಲೆ. ಹದಿನೈದು ದಿನ ಆಗಬಹುದು."

"ಅಲ್ಲಿ ಕುರ್ಚಿ ಇದೆ ಅಲ್ವಾ?"

"ಇದೆ."

"ಒಳ್ಳೇದು. ನಿಂತೂ ನಿಂತೂ ಸಾಕಾಗಿತ್ತು."

ನಿಜಕ್ಕೂ ಸಾಕಾಗಿತ್ತೋ, ನನ್ನ ಮುಖ ನೋಡಿ ಹಾಗೆಂದರೋ, ಕೇಳಲಿಲ್ಲ. ಸಂಜೆ ಪಾಳಿ ಬಿಟ್ಟ ಇಬ್ಬರು ಒಳಗೆ ಬಂದು, ಕೈಚೀಲ ಕೆಳಗಿಟ್ಟು, ಎರಡು ಕಪ್ಪು ಎಂದರು. ಒಬ್ಬ ಗಡಿಯಾರ ನೋಡಿ, ಬಸ್ಸಿಗೆ ಹೊತ್ತಾಯಿತು, ಬೇಗ ಕೊಡಿ ಎಂದ. ಮಾವ ಗ್ಲಾಸನ್ನು ಓರೆ ಹಿಡಿದು ನಲ್ಲಿ ತಿರುಗಿಸಿದರು. ನಾನು ಸ್ಟೂಲಿನಿಂದ ಇಳಿದು, ಅವರಿಗೆ ಜಾಗ ಬಿಟ್ಟುಕೊಟ್ಟು, ವರದಿಯ ಪ್ರತಿಯನ್ನು ಕಡತಕ್ಕೆ ಸೇರಿಸಲು ಹೋದೆ.